ಎರವಲು ರಕ್ತಪಿಶಾಚಿ
ನಮ್ಮ ಟ್ರಾನ್ಸಿಲ್ವೇನಿಯದ ಹಳ್ಳಿಯಲ್ಲಿ ರಕ್ತಪಿಶಾಚಿಯ ಸಿನಿಮಾ ತೆಗೆದ ಓವಿದಿಯು ಜನ್ಮದಲ್ಲಿ ಏನನ್ನೂ ಕೊಂಡವನಲ್ಲ. ರಕ್ತಕ್ಕೆ ನೆರೆಮನೆಯ ಬೀಟ್‌ರೂಟ್ ಸಾರು, ನಿಲುವಂಗಿಗೆ ಶಾಲೆಯ ಪರದೆ, ಪಿಶಾಚಿಯಾಗಿ ತಾನೇ. ಕೇಳಿದವರಿಗೆಲ್ಲ "ನಾಳೆ ವಾಪಸ್ ಕೊಡ್ತೀನಿ" ಎನ್ನುತ್ತಿದ್ದ. ಪ್ರದರ್ಶನದ ದಿನ ಯಾರೂ ಹೆದರಲಿಲ್ಲ. ತೆರೆಯ ಮೇಲೆ ಪಿಶಾಚಿಯ ಕೋರೆಹಲ್ಲು ಕಳಚಿ ಬಿದ್ದಾಗ ಪಾದ್ರಿಯೂ ನಕ್ಕರು. ಆಮೇಲೆ ಶವಪೆಟ್ಟಿಗೆ ಕಾಣಿಸಿತು. ಮುದುಕಿ ವೆತುರಿಯಾ ಎದ್ದು ನಿಂತಳು. "ಅದು ನನ್ನದು ಕಣೋ. ನಾನು ಸತ್ತಾಗ ಬೇಕೂಂತ ಅಟ್ಟದಲ್ಲಿ ಇಟ್ಕೊಂಡಿದ್ದು." ಬಣ್ಣ ಹೊಡೆಸಿಕೊಡುತ್ತೇನೆಂದು ಒಯ್ದಿದ್ದನಂತೆ. ಅವಳು ಬೈಯಲಿಲ್ಲ. "ಒಳಗೆ ಹೆಂಗಿತ್ತಪ್ಪಾ?" ಎಂದಳು. ಚಿತ್ರೀಕರಣದ ದಿನ ಮುಚ್ಚಳ ಬೀಳುತ್ತಲೇ ಅವನು ಚೀರಿಕೊಂಡು ಹೊರಗೆ ಹಾರಿದ್ದು ಕ್ಯಾಮೆರಾ ಹಿಡಿದಿದ್ದ ನನಗೆ ಗೊತ್ತು. "ಬೆಚ್ಚಗಿತ್ತು ಅಜ್ಜಿ," ಎಂದ, "ಎದ್ದು ಬರೋಕೇ ಮನಸ್ಸಾಗ್ಲಿಲ್ಲ."