ಐದನೆಯ ಮನೆಯಲ್ಲೂ ಅದೇ ಚೌಕ

ಕಂಪ್ಯೂಟರ್ ರಿಪೇರಿಯವನಿಗೆ ಗಿರಾಕಿಗಳು ಇಟ್ಟ ಹೆಸರು ಬಂದೂಕು. ಭೂತಗನ್ನಡಿ ಹಿಡಿದೂ ಹಿಡಿದೂ ಬಂದ ಒಂದು ಅಭ್ಯಾಸ ಅದಕ್ಕೆ ಕಾರಣ. ಏನನ್ನೇ ಪರೀಕ್ಷಿಸಲಿ, ಬಲಗಣ್ಣು ಮುಚ್ಚಿ, ಎಡಗಣ್ಣು ಕಿರಿದು ಮಾಡಿ, ಗುರಿ ಇಡುವವನಂತೆ ನೋಡುತ್ತಿದ್ದ. ಕೂದಲೆಳೆಯಷ್ಟು ಬೆಸುಗೆ ಬಿಟ್ಟಿದ್ದರೂ ಅವನ ಕಣ್ಣಿಗೆ ತಪ್ಪುತ್ತಿರಲಿಲ್ಲ. ಹೊಗಳಿದರೆ ಹಿಗ್ಗಿ ಹೀರೇಕಾಯಿ ಆಗುವ ಆಸಾಮಿ. ಆದರೆ ಅವನ ಅಪ್ಪ ನಲವತ್ತೇಳನೇ ವಯಸ್ಸಿಗೆ ಕಣ್ಣು ಕಳೆದುಕೊಂಡು ಗಡಿಯಾರ ರಿಪೇರಿ ಬಿಟ್ಟಿದ್ದರು, ಇವನಿಗೂ ಈಗ ನಲವತ್ತೇಳು. ಕಣ್ಣಿಲ್ಲದಿದ್ದರೆ ಈ ಕೈಗಳಿಗೆ ಕೆಲಸವಿಲ್ಲ ಎಂದು ಗೊತ್ತಿದ್ದೂ, ಒಮ್ಮೆ ಡಾಕ್ಟರಿಗೆ ತೋರಿಸು ಎಂದು ಹೆಂಡತಿ ಗೋಗರೆದಾಗಲೆಲ್ಲ ಕಿವಿಗೆ ಹಾಕಿಕೊಳ್ಳದೆ ಎದ್ದು ಹೋಗುತ್ತಿದ್ದ. ಹೆದರಿದವರ ಹಣೆಬರಹವೇ ಅಷ್ಟು.

ಮೂರು ವಾರದಿಂದ ಇನ್ನೊಂದು ಭಯ ಸೇರಿಕೊಂಡಿತ್ತು. ಹೋದ ಮನೆಯಲ್ಲೆಲ್ಲ ಪರದೆಯ ಮೇಲೆ ಬೂದುಬಣ್ಣದ ಒಂದು ಚೌಕ. ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡುಗಳು, ನಾಲ್ಕು ಮನೆಗಳ ನಾಲ್ಕೂ, ಸತ್ತಿವೆ ಎಂದು ತೀರ್ಪು ಕೊಟ್ಟು ಬಂದಿದ್ದ. ನಾಲ್ಕೂ ಬೇರೆ ಬೇರೆ ಕಂಪನಿಯವು, ಕಾಯಿಲೆ ಮಾತ್ರ ಒಂದೇ. ಏನೋ ತನ್ನ ಬೆನ್ನು ಹತ್ತಿ ಮನೆಯಿಂದ ಮನೆಗೆ ಬರುತ್ತಿದೆ ಅನ್ನಿಸಿ ಹಾಡಹಗಲಲ್ಲೇ ಮೈ ಜುಮ್ಮೆನ್ನುತ್ತಿತ್ತು.

ಐದನೆಯದು ನಿವೃತ್ತ ಗಣಿತದ ಟೀಚರ್ ಒಬ್ಬರ ಮನೆ. ಹಳೇ ಕಾರಿನ ಸೀಟು, ಕಾಲಿಗೆ ಪೆಡಲು, ಮುಂದೆ ಮೂರು ಪರದೆ. ಅಲ್ಲಿ ಕೂತು ಅವರು ದಿನಾ ಕಂಪ್ಯೂಟರ್ ಆಟದ ವಿಮಾನ ಹಾರಿಸುತ್ತಿದ್ದರು. ಇಳಿಯುವ ಹೊತ್ತಿಗೆ ಚಿತ್ರ ಹರಿದು ಬಣ್ಣಬಣ್ಣದ ತ್ರಿಕೋನಗಳು ಚಿಮ್ಮುತ್ತವೆ ಎಂಬುದು ದೂರು. ಬಂದೂಕು ಕಾರ್ಡ್ ಕಳಚಿ ಧೂಳು ಊದಿ, ಮತ್ತೆ ಬಿಗಿಯಾಗಿ ಕೂರಿಸಿ, ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಹೊಸದಾಗಿ ಹಾಕಿದ. ಟೀಚರ್ ವಿಮಾನ ಇಳಿಸಿದರು. ತ್ರಿಕೋನಗಳು ಮಾಯವಾಗಿದ್ದವು.

ಬಂದೂಕು ಒಂದು ಕಣ್ಣು ಮುಚ್ಚಿ ಬಗ್ಗಿದ. ಚೌಕ ಅಲ್ಲೇ ಇತ್ತು, ರನ್‌ವೇಯನ್ನೇ ನುಂಗಿಕೊಂಡು. ಅವನು ಪಕ್ಕದ ಪರದೆಗೆ ತಿರುಗಿದ. ಚೌಕವೂ ಜಾರಿಕೊಂಡು ಅಲ್ಲಿಗೆ ಬಂತು. ಸ್ಪೀಕರಿನಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ಚೀಲದಲ್ಲಿದ್ದ ತನ್ನದೇ ಕಾರ್ಡ್ ಹಾಕಿ ನೋಡಿದ. ಹೋಗಲಿಲ್ಲ.

ಉಳಿದದ್ದು ಕಡೆಯ ಪರೀಕ್ಷೆ. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿಕೊಂಡು ನೋಡುವುದು. ಅಲ್ಲೂ ಚೌಕ ಕಂಡರೆ ಪರದೆ, ವೈರುಗಳದ್ದೇನೂ ತಪ್ಪಿಲ್ಲ, ರೋಗ ಪೆಟ್ಟಿಗೆಯ ಒಳಗಿದೆ ಎಂದರ್ಥ. ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ಬಲಗಣ್ಣು ಮುಚ್ಚಿದ. ಇತ್ತು. ಕಳ್ಳ ಸಿಕ್ಕಿಬಿದ್ದ ಎಂಬ ಸಮಾಧಾನದಲ್ಲಿ ಅದನ್ನು ಟೀಚರಿಗೆ ಕೊಟ್ಟ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ಬಿಟ್ಟು ಅವನನ್ನೇ ನೋಡತೊಡಗಿದರು.

"ಇದರಲ್ಲಿ ಯಾವ ಚೌಕಾನೂ ಇಲ್ಲಪ್ಪ," ಎಂದರು. "ನೀವು ಯಾವಾಗ್ಲೂ ಬಲಗಣ್ಣು ಮುಚ್ಕೊಂಡೇ ನೋಡ್ತೀರಿ. ಒಂದ್ಸಲ ಎಡಗಣ್ಣು ಮುಚ್ಚಿ ನೋಡಿ."

ಮುಚ್ಚಿದ. ರನ್‌ವೇ ಇಡಿಯಾಗಿ ಬಿದ್ದುಕೊಂಡಿತ್ತು, ಅಂಚಿನ ದೀಪಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕಣ್ಣು ಬದಲಿಸಿದ. ಬೂದುಬಣ್ಣ. ಗೋಡೆಯತ್ತ ತಿರುಗಿದ, ಗೋಡೆಯ ಮೇಲೂ ಅದೇ. ಟೀಚರನ್ನು ನೋಡಿದರೆ ಅವರ ಮೂಗು, ಬಾಯಿ ಇದ್ದ ಕಡೆ ಏನೂ ಇರಲಿಲ್ಲ, ಕಿವಿಯೋಲೆಗಳು ಮಾತ್ರ ತೂಗುತ್ತಿದ್ದವು.

ಮೊದಲು ನೆನಪಾದದ್ದು ತಾನು ಕಸಕ್ಕೆ ಹಾಕಿಸಿದ ನಾಲ್ಕು ಒಳ್ಳೆಯ ಕಾರ್ಡುಗಳು. ಆಮೇಲೆ ಅಪ್ಪ. ಇನ್ನಿಲ್ಲದ ಭಯವಾಯಿತು. ಸುಮ್ಮನಿರಲಾಗದೆ ಟೀಚರ ಕಾರ್ಡನ್ನು ವಾಪಸ್ ಕೂರಿಸಲು ಹೋದ. ಅಭ್ಯಾಸಬಲದಿಂದ ಬಲಗಣ್ಣು ಮುಚ್ಚಿದ, ತೂತು ಕಾಣದೆ ಸ್ಕ್ರೂ ಕೆಳಗೆ ಬಿತ್ತು. ಹುಡುಕಲು ಬಗ್ಗಿದವನನ್ನು ಅವರು ರಟ್ಟೆ ಹಿಡಿದು ಎಬ್ಬಿಸಿದರು. ನಿಮ್ಮ ಸ್ಕೂಟರು ಇಲ್ಲೇ ಇರಲಿ, ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಎಷ್ಟು ದಿನದಿಂದ ಹೀಗೆ ಎಂದೂ ಕೇಳಿದರು.

"ಮೂರು ವಾರ ಆಯ್ತು, ಮೇಡಂ," ಎಂದ ಬಂದೂಕು. "ಮೊದಲ್ನೇ ಮನೇಲಿ ಇಷ್ಟು ದೊಡ್ಡದಿರ್ಲಿಲ್ಲ."