ಓರಗಿತ್ತಿಯ ಮಗಳು

ಬಟ್ಟೆ ಹೊಲಿಯುವವಳ ಮಗಳಿಗೂ ಅವಳ ಓರಗಿತ್ತಿಯ ಮಗಳಿಗೂ ಒಂದೇ ವಾರ ಜ್ವರ ಬಂದಿತ್ತು. ಓರಗಿತ್ತಿಯ ಮಗಳು ಎದ್ದು ಕೂತಳು. ಇವಳ ಮಗಳು ಏಳಲೇ ಇಲ್ಲ. ಆಮೇಲೆ ಓರಗಿತ್ತಿ ಮಗಳ ಫ್ರಾಕನ್ನು ಉದ್ದ ಮಾಡಿಸಲು ತಂದಾಗಲೆಲ್ಲ ಇವಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಒಮ್ಮೆ ಬೇಕೆಂದೇ ಕಂಕುಳಲ್ಲಿ ಬಿಗಿಯಾಗುವಂತೆ ಹೊಲಿದಳು. ಮಗು ಕೈ ಎತ್ತಲಾರದೆ ಅತ್ತಿತಂತೆ.

ಚರ್ಚಿನಲ್ಲಿ ಎಲ್ಲರೂ ಹಾಡುವಾಗ ಇವಳು ತುಟಿ ಬಿಗಿದು ಕೂರುತ್ತಿದ್ದಳು. ಒಂದು ಭಾನುವಾರ ಪಾದ್ರಿ ಪಕ್ಕಕ್ಕೆ ಬಂದು ಕೂತರು.

“ಹಾಡೋಕಾಗದಿದ್ರೆ ಬೇಡಮ್ಮ. ಪ್ರವಾದಿಗಳೂ ಅತ್ತಿದ್ದಾರೆ, ದೇವರ ಜೊತೆ ಜಗಳ ಆಡಿದ್ದಾರೆ. ಅದೂ ಪ್ರಾರ್ಥನೆನೇ. ಮುಖಕ್ಕೇ ಹೇಳಿಬಿಡಿ.”

“ನನಗೆ ಶಿಕ್ಷೆ ಕೊಟ್ಟನಾ ಅವನು?”

“ನನಗೆ ಗೊತ್ತಿಲ್ಲ. ಅದನ್ನೂ ಅವನನ್ನೇ ಕೇಳಿ.”

ಎಲ್ಲರೂ ಹೋದ ಮೇಲೆ ಅವಳು ಗಟ್ಟಿಯಾಗಿಯೇ ಕೇಳಿದಳು. “ಅವಳ ಮಗಳನ್ನ ಉಳಿಸಿದೆ. ನನ್ನ ಮಗಳು ನಿನಗೇನು ಮಾಡಿದ್ಲು?” ಬೈದು ಬೈದು ಸಾಕಾದಾಗ, ಅವಳೇ ನೆನೆಸದಿದ್ದ ಮಾತೊಂದು ಬಾಯಿಗೆ ಬಂತು. “ಆ ಮಗೂನೂ ಹೋಗ್ಲಿ ಅಂದ್ಕೊಂಡಿದ್ದೆ. ತಪ್ಪಾಯ್ತು.”

ಶಿಕ್ಷೆಯೋ ಅಲ್ಲವೋ, ಉತ್ತರ ಬರಲಿಲ್ಲ. ಅವಳು ನೇರವಾಗಿ ಓರಗಿತ್ತಿಯ ಮನೆಗೆ ನಡೆದಳು.

“ಫ್ರಾಕನ್ನ ಬೇಕಂತಲೇ ಬಿಗಿ ಮಾಡಿದ್ದೆ ಕಣೆ, ಹೊಟ್ಟೆಕಿಚ್ಚಿಗೆ.”

“ಗೊತ್ತಿತ್ತು ಅಕ್ಕ. ನೀನು ನನ್ನ ಹತ್ರ ಮಾತು ಬಿಡಬಾರದು ಅಂತಲೇ ಹೊಲಿಗೆ ತರ್ತಿದ್ದೆ.”

ಅಷ್ಟರಲ್ಲಿ ಒಳಗಿನಿಂದ ಮಗು ಓಡಿಬಂತು. ಇವಳ ಹೊಟ್ಟೆ ಮತ್ತೆ ಉರಿಯಿತು. ಆದರೂ ಎದ್ದು ಹೋಗದೆ, ಓರಗಿತ್ತಿಯ ಕೈ ಹಿಡಿದುಕೊಂಡು ಅಲ್ಲೇ ಅತ್ತಳು.