ಸೀಟಿ ಇಲ್ಲದ ಬಿಸ್ಕತ್ತು

ಕಾಚಿಗೂಡದಲ್ಲಿ ನಮ್ಮ ಪಕ್ಕದ ಮನೆಯ ಕಾಕು ಸಕಲ ಅಡುಗೆಯನ್ನೂ ಕುಕ್ಕರಿನ ಸೀಟಿಯಿಂದಲೇ ಅಳೆಯುತ್ತಿದ್ದರು. ಅನ್ನಕ್ಕೆ ಮೂರು, ಬೇಳೆಗೆ ಐದು. ಆದರೆ ಕುಕ್ಕರಿನಲ್ಲಿ ಮಸಾಲೆ ಚಹಾದ ಬಿಸ್ಕತ್ತು ಸುಡಬೇಕಾದರೆ ಆ ಸೀಟಿಯನ್ನೇ ತೆಗೆದಿಡಬೇಕು. ಹೀಗಾಗಿ ಹೊತ್ತಿನ ಲೆಕ್ಕ ತಪ್ಪಿ ಎರಡು ಸಲ ಬಿಸ್ಕತ್ತು ಇದ್ದಿಲಾಯಿತು. ಮೂರನೆಯ ಸಲ ಕಾಕುವಿನ ನಾದಿನಿ ಬಂದು ಕೂತಿದ್ದರು, ಮಾನದ ಪ್ರಶ್ನೆ.

"ಸೀಟಿ ಇಲ್ಲದ ಅಡಿಗಿ ಎಂಥಾ ಅಡಿಗಿರಿ?" ಎಂದ ಕಾಕು, ನಿವೃತ್ತ ರೈಲ್ವೆ ಗಾರ್ಡರಾದ ಪತಿಯನ್ನು ಒಲೆಯ ಪಕ್ಕ ನಿಲ್ಲಿಸಿದರು. "ಐದು ನಿಮಿಷಕ್ಕೊಂದು ಸೀಟಿ ಊದ್ರಿ. ಐದಾದ ಮ್ಯಾಲ ಒಲಿ ಆರಸ್ತೀನಿ."

ಅವರು ರೈಲು ಬಿಡುವ ಗಾಂಭೀರ್ಯದಿಂದ ಊದಿದರು. ಬಿಸ್ಕತ್ತು ಹದವಾಗಿ ಬೆಂದಿತು. ನಾದಿನಿಯೇ, "ವೈನಿ, ಇನ್ನೆರಡು ಕೊಡ್ರಿ," ಎಂದರಂತೆ.

ಗಾರ್ಡರ ಸೀಟಿಯನ್ನು ನಮ್ಮ ನಮ್ಮ ಕುಕ್ಕರಿನ ಕೂಗೆಂದು ಎಣಿಸಿ ಒಲೆ ಆರಿಸಿದ್ದ ಕಟ್ಟಡದ ಮೂರೂ ಮಹಡಿಯವರು ಆ ಮಧ್ಯಾಹ್ನ ಅರೆಬೆಂದ ಬೇಳೆ ಉಂಡೆವು.